ಹೆಬ್ಬೆರಳಿನ ಕೆಂಪು

ಎಷ್ಟು ಉಜ್ಜಿದರೂ ಸತ್ತವಳ ಹೆಬ್ಬೆರಳಿನ ಕೆಂಪು ಬಿಡಲೊಲ್ಲದು. ಮಗಳು ಒದ್ದೆ ಹತ್ತಿಯನ್ನು ಬಟ್ಟಲಿಗೆ ಹಾಕಿ ಇನ್ನೊಂದು ತುಂಡು ತೆಗೆದುಕೊಂಡಳು. ಬಟ್ಟಲು ಹಿಡಿದು ನಿಂತವಳು ಗುಬ್ಬಿ. ಸತ್ತವಳೇ ಇಟ್ಟ ಅಡ್ಡಹೆಸರು ಅದು. ಕ್ಷಯಕ್ಕೆ ಹೊಸ ಲಸಿಕೆ ಹುಡುಕುವ ಪ್ರಯೋಗಾಲಯದಲ್ಲಿ ಇವಳು ಅವಳ ಕೈಕೆಳಗಿನವಳು, ‘ಅಕ್ಕ’ ಎನ್ನುತ್ತಿದ್ದಳು.

“ಈ ವಯಸ್ಸಲ್ಲಿ ಉಗುರಿಗೆ ಬಣ್ಣ ಬೇಕಿತ್ತಾ ಇವಳಿಗೆ?” ಸತ್ತವಳ ನಾದಿನಿ ಕಣ್ಣೊರೆಸಿಕೊಳ್ಳುತ್ತಲೇ ಕೊಂಕು ನುಡಿದಳು.

“ಹಚ್ಕೊಂಡಿದ್ದಲ್ಲ ಅತ್ತೆ, ಮೆತ್ಕೊಂಡಿರೋದು. ನನ್ನ ನೇಲ್ ಪಾಲಿಶ್ ಹತ್ತು ದಿನದಿಂದ ಕಾಣ್ತಿಲ್ಲ. ಅಮ್ಮನೇ ತಗೊಂಡುಹೋಗಿದ್ಲು ಅನ್ಸತ್ತೆ,” ಎಂದಳು ಮಗಳು.

ಗುಬ್ಬಿಯ ಕೈಯಲ್ಲಿದ್ದ ಬಟ್ಟಲಿನ ನೀರು ಪಾದದ ಮೇಲೆ ಚೆಲ್ಲಿತು.

*

ಅಕ್ಕ ಸೇರಿದ್ದು ಗಾಜು ತೊಳೆಯುವವಳಾಗಿ. ಮೂವತ್ತು ವರ್ಷದಲ್ಲಿ, ರೋಗದ ಬ್ಯಾಕ್ಟೀರಿಯಾದ ಪ್ರೋಟೀನು ಶುದ್ಧ ಮಾಡುವುದರಲ್ಲಿ ಓದಿದವರೂ ಅವಳ ಮುಂದೆ ಕೈಕಟ್ಟಿ ನಿಲ್ಲುವಂತಾಗಿತ್ತು. ಅಂಥ ಎಂಟು ಪ್ರೋಟೀನು, ಎಂಟು ಪುಟ್ಟ ಸೀಸೆ, ಒಂದು ಸಾಲು. ಹೋದ ವರ್ಷ ಫ್ರೀಜರ್ ಕೆಟ್ಟ ದಿನ ಸಾಲನ್ನು ಇನ್ನೊಂದು ಫ್ರೀಜರಿಗೆ ಸಾಗಿಸಿದ್ದು ಗುಬ್ಬಿ. ಹಿಮಕ್ಕೆ ಚೀಟಿಗಳು ಉದುರಿದ್ದವು. ಸಾಲು ಹಾಗೇ ಇದೆಯಲ್ಲ ಎಂದು ಬಾಗಿಲ ಕಡೆಯಿಂದ ಎಣಿಸಿ ಹೊಸ ಚೀಟಿ ಅಂಟಿಸಿದಳು. ಆಮೇಲೆ ಗಿನಿ ಹಂದಿಗಳಿಗೆ ಚುಚ್ಚಿದಾಗ ಶ್ವಾಸಕೋಶ ಕಾಪಾಡಿದ್ದು ‘ನಾಲ್ಕು’.

ಹತ್ತು ದಿನದ ಹಿಂದೆ ಹಿಮ ಕೆರೆಯುವಾಗ ಗುಬ್ಬಿಯ ಕಣ್ಣಿಗೆ ಬಿತ್ತು: ಸೀಸೆ ನಿಲ್ಲಿಸುವ ತಟ್ಟೆಯ ನೆಗ್ಗಿದ ಮೂಲೆ ಬಾಗಿಲ ಕಡೆ ಇರಬೇಕಿತ್ತು, ಇದ್ದದ್ದು ಗೋಡೆಯ ಕಡೆ.

“ತಿರುಗಿಸಿ ಇಟ್ಬಿಟ್ಟೆನೇನೋ ಅಕ್ಕ. ಹಾಗಿದ್ರೆ ನಾಲ್ಕು ಅಂತಿರೋದು ಐದು. ಜನಕ್ಕೆ ಚುಚ್ಚೋಕೆ ದಾಖಲೆ ನೋಡಿ ಹೊಸದಾಗಿ ತಯಾರು ಮಾಡೋದು ನಿಜವಾದ ನಾಲ್ಕನ್ನೇ ಅಲ್ವಾ?”

ಅಕ್ಕ ಬೈಯಲಿಲ್ಲ. “ಅಳ್ಬೇಡ. ಒಂದೊಂದರ ತೂಕ ಒಂದೊಂದು, ಜೆಲ್ ಮೇಲೆ ಓಡಿಸಿದ್ರೆ ಹಗುರದ್ದು ಮುಂದೆ, ಭಾರದ್ದು ಹಿಂದೆ, ಯಾವುದು ಯಾವುದು ಅಂತ ಗೊತ್ತಾಗತ್ತೆ. ಎಷ್ಟನೇದೋ ಅಷ್ಟು ಚುಕ್ಕೆ ಮುಚ್ಚಳಕ್ಕೆ ಇಡ್ತೀನಿ, ಹಿಮಕ್ಕೆ ಹೋಗದಂಥದ್ದು. ಆಮೇಲೆ ಇಬ್ರೂ ಹೋಗಿ ಸರ್‌ಗೆ ಹೇಳೋಣ.”

ನಿನ್ನೆ ಫ್ರೀಜರಿನ ಪಕ್ಕದ ಕುರ್ಚಿಯಲ್ಲಿ ಅಕ್ಕನ ಹೃದಯ ನಿಂತಿತು.

*

ಪ್ರಯೋಗಾಲಯದ ಮುಖ್ಯಸ್ಥರು ಬಂದು ಹೂವಿಟ್ಟು ತಲೆಬಾಗಿದರು. “ನಾಲ್ಕನೇದು ಇವಳ ಕೂಸು,” ಎಂದರು ಮಗಳಿಗೆ. “ನಾಳೆನೇ ತಯಾರಿಕೆಗೆ ಸಹಿ ಹಾಕ್ತೀನಮ್ಮ. ಇವಳ ಹೆಸರು ಉಳಿಯತ್ತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗುಬ್ಬಿಗೆ ಮುಟ್ಟಿಕೊಳ್ಳಲೂ ಕೈ ಏಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗದು, ಗೊತ್ತಿದ್ದವಳು ಇಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ. ಈ ಯೋಚನೆ ತನ್ನದೇ ಎಂದು ತಿಳಿದಾಗ ಅವಳಿಗೆ ತನ್ನನ್ನು ಕಂಡೇ ಹೆದರಿಕೆಯಾಯಿತು.

ಮಗಳು ಹತ್ತಿ ಕೆಳಗಿಟ್ಟಳು. “ಇರ್ಲಿ ಬಿಡು, ಹೀಗೇ ಹೋಗ್ಲಿ,” ಎಂದು ತಾಯಿಯ ಕೈಯನ್ನು ಎದೆಯ ಮೇಲಿಟ್ಟಳು. ಹೆಬ್ಬೆರಳು ಮೇಲಿತ್ತು.

ಎಲ್ಲ ಮುಗಿದು ಜನ ಚದುರಿದಾಗ ಗುಬ್ಬಿ ಮುಖ್ಯಸ್ಥರ ಕಾರಿನ ಬಾಗಿಲಿಗೆ ಅಡ್ಡ ನಿಂತಳು.

“ಸರ್, ಸಹಿಗೆ ಮುಂಚೆ ಫ್ರೀಜರ್ ಹತ್ರ ಬನ್ನಿ. ನಾನೊಂದು ತಪ್ಪು ಮಾಡಿದೀನಿ.”

ದಾರಿಯುದ್ದಕ್ಕೂ ಹೇಳಿದಳು.

ಫ್ರೀಜರಿನ ಬಾಗಿಲು ತೆರೆದಾಗ ತಣ್ಣನೆಯ ಹೊಗೆ ಮುಖಕ್ಕೆ ಹೊಡೆಯಿತು. ‘ಒಂದು’ ಎಂಬ ಚೀಟಿಯ ಸೀಸೆ ಎತ್ತಿದಳು. ಮುಚ್ಚಳದ ಮೇಲೆ ಎಂಟು ಕೆಂಪು ಚುಕ್ಕೆ. ‘ಎರಡ’ರ ಮೇಲೆ ಏಳು, ‘ಮೂರ’ರ ಮೇಲೆ ಆರು. ಕೊನೆಯ ನಾಲ್ಕು ಮುಚ್ಚಳ ಬೋಳಾಗಿದ್ದವು. ಅಲ್ಲಿಯವರೆಗೆ ಅಕ್ಕನಿಗೆ ಬರಲಾಗಿರಲಿಲ್ಲ.

‘ನಾಲ್ಕ’ನ್ನು ಮುಖ್ಯಸ್ಥರೇ ಎತ್ತಿ ಬೆಳಕಿಗೆ ಹಿಡಿದರು. ಒಂದು, ಎರಡು, ಮೂರು, ನಾಲ್ಕು ಚುಕ್ಕೆ, ದುಂಡಗೆ. ಐದನೆಯದು ಒಣಗುವ ಮೊದಲೇ ಹೆಬ್ಬೆರಳು ತಾಗಿ ಅಂಚಿನವರೆಗೂ ಹರಡಿತ್ತು.