ಹೆಸರಿಲ್ಲದ ಲೋಟ

ಅಡುಗೆಮನೆಗೂ ಪಡಸಾಲೆಗೂ ನಡುವಿದ್ದ ಗೋಡೆ ಕೆಡವಿ ಎಂದು ಹೇಳಿದವನೇ ಗಂಗಪ್ಪ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಓದಿ, ಮನೆಯ ಯಜಮಾನ ಉಜ್ಜಿನಪ್ಪನ ಕಚೇರಿಯಲ್ಲೇ ನಕ್ಷೆ ಬರೆಯುವ ನೌಕರಿ ಹಿಡಿದವನು. ಐದು ವರ್ಷದಿಂದ ಈ ಮನೆಯ ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಹೋಗುತ್ತಿದ್ದ.

"ಸರ್, ಅಕ್ಕಾರು ಹೊಗ್ಯಾಗ ಕೆಮ್ಮೋದು ಇಲ್ಲಿತನಕ ಕೇಳ್ತೈತ್ರಿ. ಈ ಗ್ವಾಡಿ ತಗದ್ರ ಮನಿ ತುಂಬ ಗಾಳಿ ಆಡ್ತೈತಿ ನೋಡ್ರಿ," ಎಂದು ತಾನೇ ಕಾಗದದ ಮೇಲೆ ಗೆರೆ ಎಳೆದುಕೊಟ್ಟ.

ಬಂದವರಿಗೆಲ್ಲ ಒಲೆ ಕಾಣುವುದೆಂದರೇನು ಎಂದು ಉಜ್ಜಿನಪ್ಪನ ಹೆಂಡತಿ ನಾಗಲಿಂಗಮ್ಮ ಮೊದಲು ಮುಖ ಸಿಂಡರಿಸಿದಳು. ಮೂರು ದಿನ ಗೌಂಡಿಗಳ ಜೊತೆ ಗಂಗಪ್ಪನೇ ನಿಂತು ಕೆಲಸ ಮಾಡಿಸಿದ. ಅವನು ಓಡಾಡಿದ ಜಾಗಕ್ಕೆಲ್ಲ ನಾಗಲಿಂಗಮ್ಮ ಆಮೇಲೆ ಯಾರಿಗೂ ಹೇಳದೆ ವಿಭೂತಿ ನೀರು ಚಿಮುಕಿಸಿದಳು. ಕಲ್ಲಿನ ಕಟ್ಟೆ ಎದ್ದು, ಗ್ಯಾಸಿನ ಒಲೆ ಬಂದು ಕೂತಿತು. ಕೆಮ್ಮು ನಿಂತಿತು. ಹಗರಿಬೊಮ್ಮನಹಳ್ಳಿಯ ಆ ಓಣಿಯಲ್ಲಿ ಅಂಥ ಅಡುಗೆಮನೆ ಇನ್ನೊಂದಿರಲಿಲ್ಲ. ಹೆಂಗಸರನ್ನು ಕರೆಕರೆದು ತೋರಿಸಿದ್ದೇ ತೋರಿಸಿದ್ದು. ಆ ಸಂಭ್ರಮದಲ್ಲಿ ಒಂದು ಸಂಗತಿ ಮಾತ್ರ ಅವಳ ತಲೆಗೆ ಹೊಳೆಯಲಿಲ್ಲ.

ಭಾನುವಾರ ಸಂಜೆ ಗಂಗಪ್ಪ ಬಂದ. ಉಜ್ಜಿನಪ್ಪ ಅವನನ್ನು ಕಟ್ಟೆಯ ಎದುರೇ ಕುರ್ಚಿ ಹಾಕಿ ಕೂರಿಸಿದ. ನಾಗಲಿಂಗಮ್ಮ ಚಹಾ ಸೋಸಲು ಗಂಡನಿಗೊಂದು ಲೋಟ ತೆಗೆದಳು. ತವರಿನವರು ಅವಳ ಹೆಸರು ಕೊರೆಸಿ ಕೊಟ್ಟಿದ್ದ ಹನ್ನೆರಡು ಸ್ಟೀಲಿನ ಲೋಟಗಳು ಹಲಗೆಯ ಮೇಲೆ ಸಾಲಾಗಿದ್ದವು. ಎರಡನೆಯ ಲೋಟಕ್ಕೆ ಕೈ ತಾನಾಗಿ ಕಿಟಕಿಯ ಮೂಲೆಗೆ ಹೋಯಿತು. ಅಲ್ಲಿ ಒಂದೇ ಒಂದು ಲೋಟ ಬೋರಲಾಗಿತ್ತು, ಹೆಸರಿಲ್ಲದ್ದು. ಐದು ವರ್ಷವೂ ಗಂಗಪ್ಪ ಕುಡಿದದ್ದು ಅದರಲ್ಲೇ. ಅವನು ಹೋದ ಮೇಲೆ ಅದನ್ನು ಹಿತ್ತಲಲ್ಲಿ ಬೇರೆ ತೊಳೆದು, ಬೇರೆಯೇ ಇಡುತ್ತಿದ್ದಳು. ಅತ್ತೆ ಕಲಿಸಿದ ಪಾಠ. ಅತ್ತೆ ಹೋಗಿ ಹತ್ತು ವರ್ಷವಾದರೂ ಸೊಸೆಯ ಕೈ ಮರೆತಿರಲಿಲ್ಲ. ಗೋಡೆಯಾಚೆ ಕೂತವನಿಗೆ ಅದೆಲ್ಲಿ ಕಾಣಬೇಕು? ಉಜ್ಜಿನಪ್ಪನಂತೂ ಕಂಡರೂ ಕಾಣದಂತಿರುವ ಜಾಣ.

ಅವಳು ತಲೆ ಎತ್ತಿದಳು. ಗಂಗಪ್ಪ ಸಾಲಿನ ಲೋಟಗಳನ್ನು ನೋಡಿದ, ಕಿಟಕಿ ನೋಡಿದ, ಅವಳ ಕೈ ನೋಡಿದ. ಈಗ ಬದಲಿಸಿದರೆ ತಪ್ಪೊಪ್ಪಿಕೊಂಡಂತೆ. ಬದಲಿಸದೆ ಅದರಲ್ಲೇ ಸುರಿದಳು. ಚಹಾ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು.

"ಚಹಾ ಚೊಲೊ ಆಗೈತ್ರಿ," ಎಂದ ಗಂಗಪ್ಪ, ಎಂದಿನಂತೆ.

ಕುಡಿದು ಎದ್ದವನು ನೇರವಾಗಿ ನಲ್ಲಿಯ ಹತ್ತಿರ ಹೋದ. ಲೋಟವನ್ನು ತಾನೇ ತಿಕ್ಕಿ ತೊಳೆದ.

"ಇದನ್ನ ಎಲ್ಲಿ ಇಡ್ಲಿ ಅಕ್ಕಾರ?"

ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳೂ ಏನಾದರೂ ತಿರುಗಿ ಅಂದು ಬಚಾವಾಗುತ್ತಿದ್ದಳು. ಉಜ್ಜಿನಪ್ಪ ಪೇಪರು ಬಿಡಿಸಿ ಮುಖಕ್ಕೆ ಹಿಡಿದುಕೊಂಡ. ಸಾಲಿನಲ್ಲಿ ಇಡು ಎನ್ನಲು ಒಂದು ಮಾತು ಸಾಕಿತ್ತು. ನಾಗಲಿಂಗಮ್ಮ ಕಟ್ಟೆಯ ಮೇಲೆ ಚೆಲ್ಲಿದ ಚಹಾ ಒರೆಸತೊಡಗಿದಳು.

ಗಂಗಪ್ಪನೇ ಲೋಟವನ್ನು ಕಿಟಕಿಯ ಮೂಲೆಯಲ್ಲಿ ಮೊದಲಿನಂತೆ ಬೋರಲು ಹಾಕಿ, ಚಪ್ಪಲಿ ಮೆಟ್ಟಿದ. ಯಾವಾಗಲೂ ಒಳಗೆ ಕೇಳುವಂತೆ "ಬರ್ತೀನ್ರಿ ಅಕ್ಕಾರ" ಎಂದು ಕೂಗಿ ಹೋಗುತ್ತಿದ್ದವನು, ಇಂದು ಅವಳು ಎದುರಿಗೇ ನಿಂತಿದ್ದರೂ "ಬರ್ತೀನ್ರಿ ಸರ್" ಎಂದಷ್ಟೇ ಹೇಳಿ ಮೆಟ್ಟಿಲಿಳಿದ.