ಎಂಜಿನ್ನಿಗೆ ಹೊದಿಸಿದ ಕಂಬಳಿ

ಸವತಿ ಬದುಕಿದ್ದರೆ ಜಡೆ ಹಿಡಿದು ಜಗಳವಾಡಬಹುದು. ಸತ್ತು, ಕಂಬಳಿಯಾಗಿ ಪೆಟ್ಟಿಗೆಯೊಳಗೆ ಮಲಗಿದ್ದರೆ ಏನು ಮಾಡುವುದು? ಮಾಡದಕೆರೆಯ ಸರ್ವಮಂಗಳ ಮಾರಿಕಣಿವೆಯ ಕಟ್ಟೆಯ ಕೆಳಗಿನ ಸರ್ಕಾರಿ ಮನೆಗೆ ಎರಡನೇ ಹೆಂಡತಿಯಾಗಿ ಬಂದ ದಿನದಿಂದ, ಚಟ್ನಿಯ ಜೊತೆಗೆ ಈ ಪ್ರಶ್ನೆಯನ್ನೂ ಅರೆಯುತ್ತಿದ್ದಳು.

ಗಂಡ ರೇವಣಸಿದ್ದಪ್ಪ ಕೆಟ್ಟವನೇನಲ್ಲ. ಕಟ್ಟೆಯ ಹಿಂದಿನ ನೀರಿನಲ್ಲಿ ಸಾಹೇಬರುಗಳನ್ನು ಸುತ್ತಿಸುವ ಮೋಟಾರು ದೋಣಿಯ ಡ್ರೈವರು. ಮಹಾರಾಜರ ಸರ್ಕಾರದ ಸಂಬಳ, ಕುಡಿತವಿಲ್ಲ, ಹೊಡೆತವಿಲ್ಲ. ಆದರೆ ಅವನ ಉಡಿದಾರದಲ್ಲಿ ಒಂದು ಬೀಗದ ಕೈ ಇತ್ತು. ಅದು ಮೂಲೆಯ ಮರದ ಪೆಟ್ಟಿಗೆಯದು. ಪೆಟ್ಟಿಗೆಯಲ್ಲಿ ಇದ್ದದ್ದು ತೀರಿಕೊಂಡ ಮೊದಲ ಹೆಂಡತಿ ಕಮಲಮ್ಮನ ಕರಿ ಕಂಬಳಿ ಒಂದೇ. ಹೊಳಲ್ಕೆರೆಯಲ್ಲಿ ಮದುವೆಯಾದಾಗ ಗಂಡ ಹೆಂಡಿರನ್ನು ಕೂರಿಸಿದ್ದು ಆ ಕಂಬಳಿಯ ಮೇಲೆ. ಆಮೇಲೆ ಹತ್ತು ಹನ್ನೆರಡು ವರ್ಷ ಇಬ್ಬರೂ ಹೊದ್ದದ್ದು ಅದನ್ನೇ. ಸರ್ವಮಂಗಳನ ಮದುವೆಗೆ ಯಾರದೋ ಮನೆಯ ಜಮಖಾನ ತಂದು ಹಾಸಿದ್ದರು. ಎರಡನೇ ಸಂಬಂಧಕ್ಕೆ ಅಷ್ಟು ಸಾಕಂತೆ. ಸಂಜೆಗೆ ಅವರೇ ಬಂದು ಸುತ್ತಿಕೊಂಡು ಹೋದರು.

ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ, ಅವನು ಕಂಬಳಿಯನ್ನು ತೆಗೆದು ಬಿಸಿಲಿಗೆ ಹರವುತ್ತಿದ್ದ. ಬೇವಿನ ಸೊಪ್ಪು ಇಟ್ಟು, ಹಳೆಯ ಮಡಿಕೆಯ ಗುರುತಿನಲ್ಲೇ ಮತ್ತೆ ಮಡಿಸುತ್ತಿದ್ದ. ಒಲೆಯ ಮುಂದೆ ಕುಳಿತ ಸರ್ವಮಂಗಳನಿಗೆ ಕಣ್ಣೆಲ್ಲ ಅಲ್ಲೇ. ರೊಟ್ಟಿ ಸೀದು ಹೋಗುತ್ತಿತ್ತು. ಒಂದು ವರ್ಷ ಅವಳು ನಯವಾಗಿ, ಇದನ್ನು ಮಠಕ್ಕೆ ಬರುವ ಬಡವರಿಗೆ ಕೊಟ್ಟರೆ ಪುಣ್ಯ ಬರುವುದಲ್ಲವೇ ಎಂದು ಕೇಳಿ ನೋಡಿದಳು. ಪುಣ್ಯಕ್ಕೆ ಬೇರೆ ಕಂಬಳಿ ಕೊಡೋಣ ಎಂದ. ಆ ಮಾತಿಗೆ ಅವಳ ಹೊಟ್ಟೆಯೊಳಗಿನ ಕಿಚ್ಚಿನಲ್ಲಿ ಒಂದು ಸೇರು ಅಕ್ಕಿ ಬೇಯಿಸಬಹುದಿತ್ತು.

ಹೀಗಿರುವಾಗ ದೋಣಿಯ ಎಂಜಿನ್ ಕೆಟ್ಟಿತು. ಕೆಟ್ಟದ್ದು ಎಂಜಿನ್ನಲ್ಲ, ಅದರ ಎಣ್ಣೆ ಸೋಸುವ ಫಿಲ್ಟರು. ಒಂದು ಹಿತ್ತಾಳೆಯ ಡಬ್ಬಿ, ಒಳಗೆ ತಂತಿಯ ಬಲೆ, ಬಲೆಯ ಸುತ್ತ ದಪ್ಪನೆಯ ಉಣ್ಣೆಯ ಸುತ್ತು. ಎಂಜಿನ್ನಿನೊಳಗೆ ಓಡಾಡುವ ಎಣ್ಣೆ ಈ ಸುತ್ತಿನ ಮೂಲಕ ಹಾದು, ಕಬ್ಬಿಣದ ಪುಡಿ ಮತ್ತು ಕೊಳೆ ಬಿಟ್ಟು ಮುಂದೆ ಹೋಗಬೇಕು. ವಿಲಾಯಿತಿಯಿಂದ ಎಂಜಿನ್ನಿನ ಜೊತೆ ಬಂದಿದ್ದ ಆ ಸುತ್ತು ಸವೆದು ತೂತು ಬಿದ್ದಿತ್ತು. ಚಿತ್ರದುರ್ಗದ ಅಂಗಡಿಯವನು ಲಾರಿಯದನ್ನು ಕೊಟ್ಟು, ಎಲ್ಲಾ ಒಂದೇ ಎಂದ. ಅದು ಒಂದು ಬೆರಳು ಗಿಡ್ಡ. ಎಣ್ಣೆ ಸೋಸಿಕೊಳ್ಳದೆ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಮಗ್ಗದ ಹತ್ತಿ ಬಟ್ಟೆ ಸುತ್ತಿದರೆ ನೂಲು ಬಿಟ್ಟಿತು. ಮುಂದಿನ ವಾರವೇ ಮೈಸೂರಿನಿಂದ ದೊಡ್ಡ ಎಂಜಿನಿಯರು ಬರುವವರಿದ್ದರು. ದೋಣಿ ಓಡದಿದ್ದರೆ ರೇವಣಸಿದ್ದಪ್ಪನ ಕೆಲಸಕ್ಕೆ ಸಂಚಕಾರ.

ಉಣ್ಣೆಯೇ ಬೇಕು ಎಂದು ಅವನಿಗೆ ತಿಳಿದಿತ್ತು. ಹಿರಿಯೂರಿನ ಸಂತೆಗೆ ಹೋಗಿ ಇದ್ದುದರಲ್ಲಿ ಒಳ್ಳೆಯ ಹೊಸ ಕಂಬಳಿಯನ್ನೇ ತಂದ. ಆಯುಧಪೂಜೆಯಲ್ಲಿ ಎಂಜಿನ್ನಿಗೆ ವಿಭೂತಿ ಬಳಿದು ಕಾಯಿ ಒಡೆಯುವವನು. ದೇವರಿಗೆ ಹೊದ್ದು ಬಿಟ್ಟದ್ದನ್ನು ಕೊಡುತ್ತಾರೆಯೇ? ಕೆಂಪು ಅಂಚಿನ ಹೊಸ ಕಂಬಳಿಯನ್ನು ಅವನು ಜಗಲಿಯ ಮೇಲೆ ಹಾಸಿ ಕತ್ತರಿ ಕೇಳಿದಾಗ, ಸರ್ವಮಂಗಳ ಬಾಗಿಲಿಗೆ ಒರಗಿ ನಿಂತಳು. ಈ ಮನೆಗೆ ಬಂದು ಆರು ಚಳಿಗಾಲ ಕಳೆದಿತ್ತು. ಅವಳಿಗೆ ಎಂದೂ ಹೊಸ ಕಂಬಳಿ ಬಂದಿರಲಿಲ್ಲ. ಸತ್ತವಳಿಗೆ ಪೆಟ್ಟಿಗೆ, ಎಂಜಿನ್ನಿಗೆ ಕೆಂಪಂಚು, ತನಗೆ ತವರಿನಿಂದ ತಂದ ಹರಕು ಕೌದಿ. ಒಬ್ಬ ಸವತಿ ಸಾಲದೆಂದು ಇನ್ನೊಬ್ಬಳು ಬಂದಳಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಕತ್ತರಿಯನ್ನು ಕೈಗೆ ಕೊಡದೆ ನೆಲಕ್ಕೆ ಒಗೆದಳು.

ಹೊಸ ಕಂಬಳಿಯ ತುಂಡು ಡಬ್ಬಿಗೆ ಅಳೆದಂತೆ ಕುಳಿತಿತು. ಆದರೆ ದೋಣಿ ನೀರಿನ ನಡುವೆ ಹೋಗುವಷ್ಟರಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯಿತು. ಹುಟ್ಟು ಹಾಕಿಕೊಂಡು ದಡಕ್ಕೆ ಬಂದು ಬಿಚ್ಚಿ ನೋಡಿದರೆ, ಸುತ್ತಿನ ತುಂಬ ಗೋಂದಿನಂಥ ಅಂಟು. ಮತ್ತೊಂದು ತುಂಡು ಹಾಕಿದ, ಅದೂ ಹಾಗೇ ಆಯಿತು. ಅವನು ಅದನ್ನು ಮನೆಗೆ ತಂದು ಜಗಲಿಯಲ್ಲಿಟ್ಟು, ತಲೆಯ ಮೇಲೆ ಕೈ ಹೊತ್ತು ಕುಳಿತ.

ಸರ್ವಮಂಗಳ ಅದನ್ನು ಬೆರಳಿನಲ್ಲಿ ಉಜ್ಜಿ ಮೂಸಿದಳು. ಎಣ್ಣೆಯ ವಾಸನೆಯ ಅಡಿಯಲ್ಲಿ ಹುಣಸೆ ಬೀಜದ ಗಂಜಿ. ಕಂಬಳಿ ನೇಯುವವರು ಎಳೆ ಬಿರುಸಾಗಲೆಂದು ಈ ಗಂಜಿ ಹಚ್ಚಿಯೇ ನೇಯುವುದು. ಅದಕ್ಕೇ ಹೊಸ ಕಂಬಳಿ ನಿಲ್ಲಿಸಿದರೆ ನಿಲ್ಲುತ್ತದೆ. ಇದು ಗೊತ್ತಿಲ್ಲದವರು ಆ ಸೀಮೆಯಲ್ಲೇ ಇಲ್ಲ. ರೇವಣಸಿದ್ದಪ್ಪನಿಗೂ ಗೊತ್ತು, ಭಕ್ತಿ ಹೆಚ್ಚಾಗಿ ಮರೆತಿದ್ದ, ಅಷ್ಟೆ. ಎಂಜಿನ್ನನ್ನು ತಣ್ಣಗಿಡುವ ಕೆರೆಯ ನೀರು ತೊಟ್ಟು ತೊಟ್ಟಾಗಿ ಎಣ್ಣೆಗೆ ಜಿನುಗುತ್ತಿತ್ತು. ಬಿಸಿಗೆ ಗಂಜಿ ಉಬ್ಬಿ ಎಳೆಗಳ ಸಂದು ಮುಚ್ಚಿತ್ತು.

ಸರ್ವಮಂಗಳ ತುಂಡನ್ನು ಕೆಳಗಿಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪೆಟ್ಟಿಗೆಯ ಕಡೆ ನೋಡದೆ ಮಾತು ತೆಗೆದಳು.

"ಹೊಸಾದು ಆಗಾಕಿಲ್ಲ ನೋಡ್ರಿ, ಗಂಜಿ ಬಿಡ್ತೈತೆ. ವರ್ಷಾನುಗಟ್ಟಲೆ ಹೊದ್ದು ಒಗೆದು ಮೆತ್ತಗಾಗಿರೋ ಕಂಬಳಿ ಬೇಕು. ಅಂಥಾದು ಎಲ್ಲೈತೋ ಏನೋ, ನನಗೇನು ಗೊತ್ತು."

ಅವನು ಅವಳ ಮುಖ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವನು ಎದ್ದು, ಉಡಿದಾರದಿಂದ ಬೀಗದ ಕೈ ಬಿಚ್ಚಿ, ಪೆಟ್ಟಿಗೆ ತೆರೆದ.

ಅವನು ಅಳುತ್ತಾನೆಂದು ಅವಳು ಕಾದಳು. ಅಳಲಿಲ್ಲ. ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿದ, ಎಳೆಯನ್ನು ಹಿಸುಕಿದ, ತಂತಿಯ ಬಲೆಯನ್ನು ಅದರ ಮೇಲೆ ಉರುಳಿಸಿ ಅಳತೆ ತೆಗೆದ. ಒಂದು ತುದಿ ಹಿಡಿ ಎಂದ. ಅವಳು ಹಿಡಿದಳು. ಕತ್ತರಿ ಹರಿದ ಸದ್ದಿಗೆ ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಂಜೆಗೆ ಎಂಜಿನ್ ಗುಡುಗುಟ್ಟುವುದು ಮನೆಯವರೆಗೂ ಕೇಳಿಸಿತು. ಎಣ್ಣೆಯ ಮುಳ್ಳು ಇಂಚೂ ಅಲುಗಲಿಲ್ಲವಂತೆ. ಸೋಮವಾರ ದೊಡ್ಡ ಎಂಜಿನಿಯರು ಬಂದು, ಕೆರೆಯನ್ನೆಲ್ಲ ಸುತ್ತಿ, ಬೆನ್ನು ತಟ್ಟಿ ಹೋದರು. ಉಳಿದ ಕಂಬಳಿಯನ್ನೂ ಅವನು ದೋಣಿಗೇ ಒಯ್ದಿದ್ದ. ಸರ್ವಮಂಗಳ ಖಾಲಿ ಪೆಟ್ಟಿಗೆಯಲ್ಲಿ ತನ್ನ ಸೀರೆಗಳನ್ನು ಜೋಡಿಸಿಕೊಂಡು, ಅಂದು ಹೋಳಿಗೆ ಮಾಡಿದಳು.

ಆ ಸುಖ ಭಾನುವಾರದವರೆಗೆ ಇತ್ತು. ಭಾನುವಾರ ಅವನು ಫಿಲ್ಟರಿನ ಕಂಬಳಿ ತುಂಡನ್ನು ಬಿಚ್ಚಿ ಮನೆಗೆ ತಂದ. ನೀರು ಕಾಯಿಸಿಕೊಂಡ. ಅಂಟುವಾಳದ ಕಾಯಿ ನೆನೆಸಿ ನೊರೆ ಮಾಡಿದ. ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಕೂಸಿಗೆ ನೀರೆರೆಯುವ ಹಾಗೆ ಅದನ್ನು ತೊಳೆದ. ಅವಳು ಹಿಂಡಲು ಕೈ ಹಾಕಿದಳು.

"ನೀನು ಮುಟ್ಟಬ್ಯಾಡ ಮಂಗಳಾ. ಎಳೆ ಹರಿತಾವೆ. ಇದಕ್ಕೆ ನನ್ನ ಕೈಯೇ ಆಗಬೇಕು."

ನೆರಳಿನಲ್ಲಿ ಹರವಿ, ಒಣಗುವವರೆಗೆ ಪಕ್ಕದಲ್ಲೇ ಕುಳಿತ. ವಾರಕ್ಕೊಂದು ಸಲ ಹೀಗೆ ತೊಳೆಯಬೇಕಂತೆ. ವರ್ಷಕ್ಕೊಮ್ಮೆ ಬಿಸಿಲು ಕಾಣುತ್ತಿದ್ದ ಸವತಿ ಈಗ ದಿನಾ ಅವನ ಜೊತೆ ಕೆರೆ ಸುತ್ತುತ್ತಿದ್ದಳು. ಭಾನುವಾರ ಎಣ್ಣೆ ಸ್ನಾನ ಬೇರೆ. ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ತಾನೇ ಕರೆದು ಮೈಮೇಲೆ ಬಿಟ್ಟುಕೊಂಡಂತಾಯಿತು. ಈ ಕಂಬಳಿ ಎಷ್ಟು ದಿನ ಬರಬಹುದು ಎಂದು ಅವಳು ತಡೆಯಲಾರದೆ ಕೇಳಿದಳು. ಉಳಿದದ್ದನ್ನು ಹದವಾಗಿ ಕತ್ತರಿಸಿಕೊಂಡರೆ ತನ್ನ ಪಿಂಚಣಿಯವರೆಗೂ ಸಾಕು ಎಂದು ಅವನು ಸಮಾಧಾನವಾಗಿ ಹೇಳಿದ. ಪಿಂಚಣಿಗೆ ಇನ್ನೂ ಬಹಳ ವರ್ಷವಿತ್ತು.

ಸರ್ವಮಂಗಳ ಅಟ್ಟದ ಮೇಲೆ ಬಿದ್ದಿದ್ದ ಕೆಂಪಂಚಿನ ಹೊಸ ಕಂಬಳಿಯನ್ನು, ಒಂದು ಮೂಲೆ ಕತ್ತರಿಸಿ ಮೂಲೆಗುಂಪಾಗಿದ್ದದ್ದನ್ನು, ಎಳೆದು ಹೆಗಲ ಮೇಲೆ ಹಾಕಿಕೊಂಡು ನಾಲೆಗೆ ನಡೆದಳು. ನೀರಿಗೆ ಅದ್ದಿ, ಕಲ್ಲಿನ ಮೇಲೆ ಎತ್ತೆತ್ತಿ ಒಗೆದಳು. ಗಂಜಿ ಬೆಳ್ಳಗೆ ನೀರಿನಲ್ಲಿ ಇಳಿದು ಹೋಗುತ್ತಿತ್ತು. ಪಕ್ಕದ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ನೆರೆಮನೆಯ ಓಬಕ್ಕ ಕೈ ನಿಲ್ಲಿಸಿ ನೋಡಿದಳು.

"ಹೊಸಾ ಕಂಬಳಿನ ಯಾಕೆ ಹಂಗೆ ಬಡಿತೀಯವ್ವ?"

ಸರ್ವಮಂಗಳ ಮುಂಗೈಯಿಂದ ಕಣ್ಣು ಒರೆಸಿಕೊಂಡು ಮತ್ತೆ ಕಂಬಳಿ ಎತ್ತಿದಳು.

"ಬೇಗ ಹಳೇದಾಗ್ಲಿ ಅಂತ."