ಫೋಟೋ ಯಾಕೆ ಕೊಡುವುದಿಲ್ಲ?

ಜೂನ್ ತಿಂಗಳು ಬಂತೆಂದರೆ ಘಾಟ್ಕೋಪರಿನ ಗುಡ್ಡದ ಮೇಲಿನ ಒಂದು ಸಾಲುಮನೆಗಳ ಚಾಳಿನಲ್ಲಿ ಶಾಲೆಯದೇ ಮಾತು. ಯಾರ ಮಗನ ಬೂಟು ಚಿಕ್ಕದಾಯಿತು, ಯಾರ ಮಗಳಿಗೆ ಇನ್ನೂ ಪುಸ್ತಕ ಸಿಕ್ಕಿಲ್ಲ ಎಂದು ನಲ್ಲಿಯ ಹತ್ತಿರವೂ ಅದೇ, ಹೆಂಗಸರ ಉಳಿತಾಯ ಗುಂಪಿನಲ್ಲೂ ಅದೇ. ಅಂಥದ್ದರಲ್ಲಿ ಒಂದು ಭಾನುವಾರ ಗುಂಪಿನ ಸಭೆಯಲ್ಲಿ ಸೇವಂತಿ ಆಫ್ರಿಕಾದ ಶಾಲೆಯೊಂದರ ವಿಷಯ ತೆಗೆದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು.

ಸೇವಂತಿ ಉಡುಪಿ ಕಡೆಯವರು. ಅವರ ಮಗಳು ಲಾವಣ್ಯಾ ಪವಾಯಿಯ ಒಂದು ಆಫೀಸಿನಲ್ಲಿದ್ದಾಳೆ. ಅವಳೂ ಅವಳ ಗೆಳೆಯರೂ ಮಲಾವಿ ಎಂಬ ದೇಶದ ಹಳ್ಳಿ ಶಾಲೆಗೆ ನೆರವಾಗುವ ಒಂದು ಪುಟ್ಟ ಸಂಸ್ಥೆಗಾಗಿ ದುಡಿಯುತ್ತಾರೆ. ಅಲ್ಲಿ ಯಾರಿಗೂ ಸಂಬಳವಿಲ್ಲ, ರಜೆಯ ದಿನವೇ ಕೆಲಸ. ಮನಸ್ಸಿದ್ದವರು ಕೈಲಾದಷ್ಟು ಕೊಡಬಹುದು ಎಂದರು ಸೇವಂತಿ.

ಮೊದಲು ಬಾಯಿ ತೆರೆದವಳು ಅಕ್ಬರಬಿ. ವಿಜಯಪುರದ ಕಡೆಯವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಏನನ್ನೂ ಕೇಳದೆ ಒಪ್ಪುವವಳಲ್ಲ.

"ಅಲ್ರೀ ಸೇವಂತಕ್ಕಾ, ನಮ್ಮ ಹುಡುಗ್ರಿಗೆ ಸಾಲಿ ಕಲ್ಸೋದೇ ಕಷ್ಟ ಆಗೈತಿ. ಆ ದೇಶ ಎಲ್ಲೈತಿ ಅನ್ನೋದೂ ನಮಗ ಗೊತ್ತಿಲ್ಲ. ಅಲ್ಲಿಗ್ಯಾಕ ಕೊಡಬೇಕ್ರೀ?"

"ಕೊಡಲೇಬೇಕು ಅಂತ ಯಾರು ಹೇಳಿದ್ದು ಮಾರಾಯ್ತಿ? ಇಲ್ಲಿಯ ಮಕ್ಕಳನ್ನು ಬಿಡು ಅಂತಲೂ ನಾನು ಹೇಳುವುದಿಲ್ಲ. ಮೊದಲು ಕೇಳು, ನೋಡು. ಸರಿ ಕಾಣದಿದ್ದರೆ ಬಿಟ್ಟುಬಿಡು."

ಅಕ್ಬರಬಿ ಕೇಳತೊಡಗಿದಳು. ಅಲ್ಲಿಯ ಮಕ್ಕಳು ಏನು ಉಣ್ಣುತ್ತಾರೆ? ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಂಥದ್ದು ಎಂದಾಗ, ತನ್ನ ತವರಿನ ಜೋಳದ ಸಂಗಟಿ ನೆನಪಾಗಿ ಅವಳಿಗೆ ಇನ್ನಷ್ಟು ಕುತೂಹಲವಾಯಿತು. ಶಾಲೆ ಎಷ್ಟು ದೂರ, ಹೆಣ್ಣುಮಕ್ಕಳು ಹೋಗುತ್ತಾರೆಯೇ ಎಂದೆಲ್ಲ ವಿಚಾರಿಸಿದಳು. ಕೊನೆಗೆ, ತಾನು ಕೊಟ್ಟದ್ದು ಯಾರಿಗೆ ಹೋಯಿತೆಂದು ತಿಳಿಯಲು ಒಂದು ಮಗುವಿನ ಫೋಟೋ ಬೇಕೆಂದಳು. ಸಂಸ್ಥೆಯವರು ಮಕ್ಕಳ ಫೋಟೋ ಕೊಡುವುದಿಲ್ಲ ಎಂದರು ಸೇವಂತಿ. ಯಾಕೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅಕ್ಬರಬಿಗೆ ಅನುಮಾನ ಬಂತು. ಮನೆಯಲ್ಲಿ ಗಂಡ ಅಲ್ಲಾವುದ್ದೀನನೂ, ಮುಖ ತೋರಿಸದವರನ್ನು ನಂಬುವುದು ಹೇಗೆ ಎಂದ. ಈ ಮಾತು ತಿಳಿದ ಲಾವಣ್ಯಾ ಬೇಸರಪಟ್ಟುಕೊಳ್ಳಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಆ ಹಳ್ಳಿಯ ಟೀಚರ್ ಜೊತೆ ವಿಡಿಯೋ ಕಾಲ್ ಇದೆ, ನೀವೇ ನಮ್ಮ ಮನೆಗೆ ಬಂದು ಕೇಳಿ ಎಂದು ಕರೆದಳು.

ಅಕ್ಬರಬಿಗೆ ಇಂಗ್ಲಿಷ್ ಬಾರದು. ಒಂಬತ್ತನೇ ಕ್ಲಾಸಿನ ಮಗ ಶಾಹೀದನನ್ನು ಜೊತೆಗೆ ಕರೆದುಕೊಂಡು ಹೋದಳು. ತೋಕೋಜಾನಿ ಎಂಬ ಆ ಟೀಚರ್ ಶಾಲೆಯ ಜಗುಲಿಯ ಮೇಲೆ ಕುಳಿತಿದ್ದರು. ಹಿಂದೆ ಕೋಳಿಗಳು ಓಡಾಡುತ್ತಿದ್ದವು. ಫೋಟೋದ ಪ್ರಶ್ನೆ ಕೇಳಿ ಅವರು ಹಿಂದಿನದನ್ನು ಹೇಳತೊಡಗಿದರು. ಶಾಹೀದ ಒಂದೊಂದೇ ಮಾತನ್ನು ತಾಯಿಗೆ ತಿಳಿಸಿದ.

ಮೊದಮೊದಲು ಅವರೂ ಕೆಲವೇ ಮಕ್ಕಳನ್ನು ಆರಿಸಿ, ಫೋಟೋ ತೆಗೆದು, ಕೊಡುವವರಿಗೆ ಕಳಿಸುತ್ತಿದ್ದರಂತೆ. ಆರಿಸಿದ ಒಬ್ಬ ಹುಡುಗಿಯನ್ನು ಉಳಿದ ಮಕ್ಕಳು 'ಫೋಟೋದವಳು' ಎಂದು ಆಡಿಕೊಂಡರು. ಅವಳು ಶಾಲೆ ಬಿಟ್ಟಳು. ಆರಿಸದೆ ಉಳಿದ ಒಬ್ಬ ಹುಡುಗ ಬಂದು, "ನನ್ನ ಮುಖದಲ್ಲಿ ಏನು ಕಡಿಮೆ ಇತ್ತು ಟೀಚರ್?" ಎಂದು ಕೇಳಿದ.

ಇಷ್ಟು ಹೇಳಿದ ಶಾಹೀದ ತಾಯಿಯ ಕಡೆ ತಿರುಗಿದ. ತಾಯಿ ಮುಂದೇನೆಂದು ಕೇಳಿದರೆ ತಲೆ ತಗ್ಗಿಸಿದ.

"ಅಮ್ಮೀ, ನನ್ನ ಜೊತೆ ಭೀ ಹಿಂಗೇ ಆಗಿತ್ತು. ಆ ಬ್ಯಾನರ್ ಹಾಕಿದ್ರಲ್ಲ, ಆವಾಗ."

ಎರಡು ವರ್ಷದ ಹಿಂದೆ ಆ ಭಾಗದ ಒಂದು ಯುವಕ ಮಂಡಳದವರು ಮಕ್ಕಳಿಗೆ ಉಚಿತ ಬ್ಯಾಗ್ ಹಂಚಿದ್ದರು. ಸ್ಟೇಜಿನ ಮೇಲೆ ಶಾಹೀದನ ಫೋಟೋ ತೆಗೆದು, ದೊಡ್ಡ ಬ್ಯಾನರ್ ಮಾಡಿ ರಸ್ತೆ ಕೂಡುವ ನಾಕಾದಲ್ಲಿ ಕಟ್ಟಿದ್ದರು. ಅಕ್ಬರಬಿ ಅದನ್ನು ಬಂದ ನೆಂಟರಿಗೆಲ್ಲ ತೋರಿಸಿದ್ದಳು. ಶಾಲೆಯಲ್ಲಿ ಮಾತ್ರ ಹುಡುಗರು ಶಾಹೀದನನ್ನು 'ಫುಕಟ್ ಬ್ಯಾಗ್' ಎಂದೇ ಕರೆಯುತ್ತಿದ್ದರು. ಆ ಮಳೆಗಾಲದಲ್ಲಿ ಅವನು ಹೊಟ್ಟೆನೋವೆಂದು ಶಾಲೆಗೆ ಹೋಗದೆ ಮಲಗಿದಾಗಲೆಲ್ಲ ಸೋಮಾರಿ ಎಂದು ತಾನು ಬೈದದ್ದು ಅಕ್ಬರಬಿಗೆ ನೆನಪಾಯಿತು.

"ನನಗ್ಯಾಕ ಹೇಳ್ಲಿಲ್ಲ ಬೇಟಾ?"

"ನೀ ಭಾಳ ಖುಷ್ ಇದ್ದಿ. ಅದಕ್ಕೇ."

ಅಕ್ಬರಬಿ ಮಗನ ಬೆನ್ನ ಮೇಲೆ ಕೈಯಿಟ್ಟಳು. ಏನಾಯಿತೆಂದು ಆ ಕಡೆಯಿಂದ ಟೀಚರ್ ಕೇಳಿದರು. ಶಾಹೀದ ತಾನೇ ಇಂಗ್ಲಿಷಿನಲ್ಲಿ ಎಲ್ಲ ಹೇಳಿದ. ಕೇಳಿದ ಟೀಚರ್, ಆ ಹುಡುಗಿಯ ಮನೆಗೆ ತಾವು ಮತ್ತೆ ಮತ್ತೆ ಹೋದದ್ದನ್ನು, ಫೋಟೋ ನಿಲ್ಲಿಸಿದ ಮೇಲೆ ಅವಳು ಶಾಲೆಗೆ ಮರಳಿದ್ದನ್ನು ತಿಳಿಸಿದರು. ಈಗ ಪುಸ್ತಕ, ಬೆಂಚು ಎಲ್ಲ ಇಡೀ ಶಾಲೆಗೇ ಸೇರುತ್ತವೆ. ದೂರದ ಹೈಸ್ಕೂಲಿಗೆ ಯಾರ ಫೀ ಕಟ್ಟಬೇಕೆಂದು ಊರಿನ ತಂದೆ ತಾಯಿಯರ ಸಮಿತಿ ತೀರ್ಮಾನಿಸುತ್ತದೆ. ಅದು ಸಮಿತಿಗೂ ಆ ಮನೆಯವರಿಗೂ ಮಾತ್ರ ಗೊತ್ತು.

ಹಾಗಾದರೆ ಕೊಟ್ಟದ್ದು ತಲುಪಿತೆಂದು ತಿಳಿಯುವುದು ಹೇಗೆ ಎಂದು ಅಕ್ಬರಬಿ ಬಿಡದೆ ಕೇಳಿದಳು. ಟೀಚರ್ ಫೋನ್ ಹಿಡಿದುಕೊಂಡೇ ತರಗತಿಯೊಳಗೆ ಹೋಗಿ ಹೊಸ ಬೆಂಚು, ಕಪಾಟಿನ ತುಂಬ ಪುಸ್ತಕ ತೋರಿಸಿದರು. ಹಣ ನಿಯಮದಂತೆ ಬ್ಯಾಂಕಿನ ಮೂಲಕವೇ ಹೋಗುತ್ತದೆ, ವರ್ಷದ ಲೆಕ್ಕ ಕೇಳಿದವರಿಗೆಲ್ಲ ಕೊಡುತ್ತೇವೆ ಎಂದಳು ಲಾವಣ್ಯಾ. ಆಮೇಲೆ ಶಾಹೀದನ ಸರದಿ. ಅಲ್ಲಿಯ ಹುಡುಗರು ಏನು ಆಡುತ್ತಾರೆಂದು ಕೇಳಿದ. ಪ್ಲಾಸ್ಟಿಕ್ ಚೀಲ ಸುತ್ತಿ, ಹಗ್ಗ ಬಿಗಿದು ಮಾಡಿದ ಚೆಂಡಿನಲ್ಲಿ ಫುಟ್‌ಬಾಲ್ ಎಂದು ಟೀಚರ್ ನಕ್ಕರು.

ಮುಂದಿನ ಸಭೆಯಲ್ಲಿ ಅಕ್ಬರಬಿಯೇ ಎಲ್ಲವನ್ನೂ ಹೇಳಿ, ತನ್ನ ಪಾಲು ಕೊಟ್ಟಳು. ಅಲ್ಲಾವುದ್ದೀನನೂ ಒಪ್ಪಿದ್ದ. ಕೆಲವರು ಕೊಟ್ಟರು, ಕೆಲವರು ಕೊಡಲಿಲ್ಲ. ಸೇವಂತಿ ಯಾರನ್ನೂ ಒತ್ತಾಯಿಸಲಿಲ್ಲ. ಅಲ್ಲಿಂದ ಅಕ್ಬರಬಿ ನಾಲ್ಕಾರು ಹೆಂಗಸರೊಂದಿಗೆ ನೇರ ಮಂಡಳದವರ ಹತ್ತಿರ ಹೋದಳು. ಬ್ಯಾಗ್ ಕೊಡಿ, ಬ್ಯಾನರ್ ಬೇಡ ಎಂದಳು. ದಾನಿಗಳಿಗೆ ತೋರಿಸಬೇಕಲ್ಲ ಎಂದು ಅವರು ರಾಗ ಎಳೆದರು.

"ನಿಮ್ಮ ಮಗನ್ನ ಹಂಗ ನಿಲ್ಲಿಸಿ ಫೋಟೋ ತಗೀತೀರೇನ್ರೀ?"

ಈ ವರ್ಷ ಮಂಡಳದವರು ಸ್ಟೇಜ್ ಹಾಕಲಿಲ್ಲ. ಬ್ಯಾಗುಗಳು ಶಾಲೆಗೇ ಹೋಗಿ, ಟೀಚರುಗಳ ಕೈಯಿಂದ ಮಕ್ಕಳಿಗೆ ಸಿಕ್ಕವು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾವುದೇ ಮಗುವಿನ ಓದಿಗೆ ಕೊಡುವಾಗ ಸಂಕೋಚಪಡದೆ ಕೇಳಿ. ಸಂಸ್ಥೆ ನೋಂದಣಿಯಾಗಿದೆಯೇ, ಲೆಕ್ಕ ತೋರಿಸುತ್ತದೆಯೇ, ಆ ಊರಿನವರ ಮಾತು ನಡೆಯುತ್ತದೆಯೇ? ಒಳ್ಳೆಯ ಕೆಲಸ ಮಾಡುವವರು ನಿಮ್ಮ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ. ಆದರೆ ಕೊಟ್ಟದ್ದಕ್ಕೆ ಬದಲಾಗಿ ಮಗುವಿನ ಫೋಟೋ ಕೇಳಬೇಡಿ. ಘಾಟ್ಕೋಪರಿನಲ್ಲಾಗಲಿ, ಮಲಾವಿಯಲ್ಲಾಗಲಿ, ಆ ಮಗು ನಾಳೆ ಬೆಳಿಗ್ಗೆ ತನ್ನ ಗೆಳೆಯರ ನಡುವೆ ಹೋಗಿ ಕೂರಬೇಕು.